ಗಾಂಜಾಕ್ಕೆ ತೆರಿಗೆ: ತೂಕಕ್ಕೋ, ಬೆಲೆಗೋ, ಅಮಲಿಗೋ?

ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ವಯಸ್ಕರಿಗೆ ಗಾಂಜಾ ಮಾರುವುದು ಈಗ ಲೈಸೆನ್ಸ್ ಪಡೆದು ನಡೆಸುವ ವ್ಯಾಪಾರ. ಅದರ ಮೇಲಿನ ತೆರಿಗೆ, ಆ ಹಣ ಹೋಗುವ ದಾರಿ, ಜನರ ಆರೋಗ್ಯದ ಮೇಲಾಗುವ ಪರಿಣಾಮ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರಗಳು. ತೆರಿಗೆ ಲೆಕ್ಕವನ್ನೂ ಸಾರ್ವಜನಿಕ ಆರೋಗ್ಯವನ್ನೂ ಬಲ್ಲವರು ಸೇರಿ ಬರೆದಿದ್ದಾರೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ತೆರಿಗೆ ಶೇ 15 ಎಂದು ಓದಿದ್ದೆ. ಅಲ್ಲಿರುವ ಸ್ನೇಹಿತ ಶೇ 40ರ ಹತ್ತಿರ ಬೀಳುತ್ತದೆ ಎನ್ನುತ್ತಾನೆ. ಯಾರ ಮಾತು ಸರಿ?

ಇಬ್ಬರದೂ ಸರಿ. ಶೇ 15 ಎಂಬುದು ರಾಜ್ಯದ ಅಬಕಾರಿ ಸುಂಕ ಮಾತ್ರ. ಅದರ ಕೆಳಗೆ ನಗರದ ತೆರಿಗೆ, ಮೇಲೆ ಸಾಮಾನ್ಯ ಮಾರಾಟ ತೆರಿಗೆ ಇವೆ. ಒಂದೊಂದನ್ನೂ ಹಿಂದಿನ ಮೊತ್ತ ಕೂಡಿಸಿಕೊಂಡ ಮೇಲೆ ಲೆಕ್ಕ ಹಾಕುತ್ತಾರೆ.

ಲಾಸ್ ಏಂಜಲೀಸ್ ನಗರದಲ್ಲಿ 40 ಡಾಲರ್ ಬೆಲೆಯ 3.5 ಗ್ರಾಂ ಒಣಹೂವಿನ ಪೊಟ್ಟಣ ಕೊಂಡರು ಎಂದಿಟ್ಟುಕೊಳ್ಳಿ. ವಯಸ್ಕರ ಗಾಂಜಾ ವ್ಯಾಪಾರಕ್ಕೆ ನಗರ ಹಾಕುವ ತೆರಿಗೆ ಶೇ 10. ಅಂಗಡಿಯವರು ಅದನ್ನು ಗಿರಾಕಿಯ ತಲೆಗೇ ಹಾಕಿದರೆ ಬಿಲ್ಲು 44 ಡಾಲರ್. ಅದರ ಮೇಲೆ ಶೇ 15 ಅಬಕಾರಿ, ಅಂದರೆ 6.60, ಈಗ 50.60. ಇದಿಷ್ಟರ ಮೇಲೆ ಮಾರಾಟ ತೆರಿಗೆ, ಶೇ 9.5 ಎಂದು ಹಿಡಿದರೆ 4.81. ಕೊನೆಗೆ ಕೈಯಿಂದ ಹೋಗುವುದು 55.41 ಡಾಲರ್. 40ರ ಮೇಲೆ 15.41, ಅಂದರೆ ಶೇ 38.5. ಮೂರು ದರಗಳನ್ನು ಸುಮ್ಮನೆ ಕೂಡಿಸಿದರೆ ಬರುವುದು 34.5. ಉಳಿದ ನಾಲ್ಕು ಪ್ರತಿಶತ ಪೂರ್ತಿ ತೆರಿಗೆಯ ಮೇಲಿನ ತೆರಿಗೆ.

ರಾಜ್ಯಗಳ ದರ ಹೋಲಿಸುವಾಗ ಜನ ಎಡವುವುದು ಇಲ್ಲೇ. ವಾಷಿಂಗ್ಟನ್ ರಾಜ್ಯದ ಶೇ 37ಕ್ಕೆ ಮಾರಾಟ ತೆರಿಗೆ ಬೇರೆ ಸೇರುತ್ತದೆ. ಒರೆಗಾನ್‌ನ ಶೇ 17ಕ್ಕೆ ಸ್ಥಳೀಯ ಸಂಸ್ಥೆ ಹೆಚ್ಚೆಂದರೆ ಶೇ 3 ಸೇರಿಸಬಹುದು, ಅಲ್ಲಿ ಸಾಮಾನ್ಯ ಮಾರಾಟ ತೆರಿಗೆಯೇ ಇಲ್ಲ. ಆದ್ದರಿಂದ ದರ ಕೇಳಿ ತೀರ್ಮಾನಕ್ಕೆ ಬರಬೇಡಿ, ಬಿಲ್ಲಿನ ಕೊನೆಯ ಸಾಲು ನೋಡಿ.

ಪ್ರಶ್ನೆ: ಒಂದೊಂದು ಕಡೆ ಒಂದೊಂದು ವಿಧಾನ ಏಕೆ? ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ಕೇಳುತ್ತಿದ್ದೇನೆ: ತೂಕ, ಬೆಲೆ, ಟಿಎಚ್‌ಸಿ (ಗಾಂಜಾದ ಅಮಲು ಕೊಡುವ ಅಂಶ) ಪ್ರಮಾಣ, ಈ ಮೂರರಲ್ಲಿ ಯಾವುದರ ಮೇಲೆ ತೆರಿಗೆ ಹಾಕುವುದು ಒಳ್ಳೆಯದು?

ನಮ್ಮ ದೃಷ್ಟಿಯಲ್ಲಿ ಈ ವಿಷಯದ ತಿರುಳಿರುವುದು ಈ ಪ್ರಶ್ನೆಯಲ್ಲಿ. ದರ ಎಷ್ಟು ಎಂಬುದಕ್ಕಿಂತ ಯಾವುದರ ಮೇಲೆ, ಯಾರ ಹತ್ತಿರ ವಸೂಲಿ ಎಂಬುದೇ ಹೆಚ್ಚು ಮುಖ್ಯ.

ಒಂದು ಸಂಗತಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಕಾನೂನು ಒಪ್ಪಿದ ಮೇಲೆ ಗಾಂಜಾದ ಸಗಟು ಬೆಲೆ ಕುಸಿಯುತ್ತದೆ. ಪೊಲೀಸರ ಭಯವಿಲ್ಲದೆ ಎಕರೆಗಟ್ಟಲೆ ಬೆಳೆಯಬಹುದು, ಯಂತ್ರ ಹಾಕಬಹುದು, ಸಾಲ ತಂದು ಗ್ರೀನ್‌ಹೌಸ್ ಕಟ್ಟಬಹುದು. 2019ರ ಆರಂಭದಲ್ಲಿ ಒರೆಗಾನ್‌ನ ನಿಯಂತ್ರಣ ಸಂಸ್ಥೆಯೇ ಲೆಕ್ಕ ಹಾಕಿ, ಲೈಸೆನ್ಸ್‌ದಾರರ ಬಳಿಯ ದಾಸ್ತಾನು ರಾಜ್ಯದ ಆರೂವರೆ ವರ್ಷದ ಬೇಡಿಕೆಗೆ ಸಾಕಾಗುವಷ್ಟಿದೆ ಎಂದಿತ್ತು. ಯಾವ ತೆರಿಗೆಯಾದರೂ ಈ ಕುಸಿತವನ್ನು ಎದುರಿಸಿ ನಿಲ್ಲಬೇಕು.

ಬೆಲೆಯ ಮೇಲಿನ ತೆರಿಗೆ ವಸೂಲಿಗೆ ಸುಲಭ. ಅಂಗಡಿಯ ಗಲ್ಲಾದಲ್ಲೇ ಲೆಕ್ಕ ಮುಗಿಯುತ್ತದೆ. ಆದರೆ ಬೆಲೆ ಇಳಿದಂತೆ ತೆರಿಗೆಯೂ ಇಳಿಯುತ್ತದೆ. ಒಂದೇ ಪ್ರಮಾಣದ ಅಮಲು ಹತ್ತು ಡಾಲರಿಗೆ ಸಿಗುತ್ತಿದ್ದದ್ದು ಐದಕ್ಕೆ ಸಿಕ್ಕರೆ ಸರ್ಕಾರಕ್ಕೆ ಬರುವುದು ಅರ್ಧ, ಸೇದುವವನಿಗೆ ಅಡೆತಡೆಯೂ ಅರ್ಧ. ವ್ಯಾಪಾರಿಗಳು ರಿಯಾಯಿತಿ ಕೊಟ್ಟಷ್ಟೂ ತೆರಿಗೆ ಕರಗುತ್ತದೆ. ತೋಟ, ಅಂಗಡಿ ಎರಡೂ ಒಬ್ಬನದೇ ಆಗಿದ್ದರೆ ಇನ್ನೊಂದು ತೊಡಕು: ತನಗೆ ತಾನೇ ಮಾರಿಕೊಂಡ ಮಾಲಿಗೆ ಸಗಟು ಬೆಲೆ ಯಾವುದು? ಕೊಲೊರಾಡೊ ತನ್ನ ಶೇ 15 ಸಗಟು ಸುಂಕಕ್ಕೆ ಇದಕ್ಕಾಗಿಯೇ ಮೂರು ತಿಂಗಳಿಗೊಮ್ಮೆ ಸರಾಸರಿ ಮಾರುಕಟ್ಟೆ ದರ ಗೊತ್ತುಪಡಿಸುತ್ತದೆ.

ವಾಷಿಂಗ್ಟನ್ 2014ರಲ್ಲಿ ಶುರು ಮಾಡಿದಾಗ ಬೆಳೆಗಾರ, ಸಂಸ್ಕರಣೆಗಾರ, ಅಂಗಡಿ, ಮೂರೂ ಹಂತದಲ್ಲಿ ಶೇ 25 ಹಾಕಿತ್ತು. ಕೂಡಿಸಿ ನೋಡಿ. ಬೆಳೆಗಾರನ ಬೆಲೆ 4 ಡಾಲರ್, ತೆರಿಗೆ 1, ಆಯಿತು 5. ಸಂಸ್ಕರಣೆಗಾರ ತನ್ನ 3 ಸೇರಿಸಿದ, 8; ತೆರಿಗೆ 2, ಆಯಿತು 10. ಅಂಗಡಿಯವನ ಪಾಲು 6, ಆಯಿತು 16, ತೆರಿಗೆ 4. ಗಿರಾಕಿಗೆ 20 ಡಾಲರ್, ಅದರಲ್ಲಿ 7 ತೆರಿಗೆ. ಬೆಳೆಯುವವನೂ ಸಂಸ್ಕರಿಸುವವನೂ ಒಬ್ಬನೇ ಆದರೆ ಮೊದಲ ಹಂತದ ತೆರಿಗೆಯೇ ಇಲ್ಲ. ಅದೇ ಮಾಲು 18.44ಕ್ಕೆ ಬರುತ್ತದೆ. ಬರೀ ಬೆಳೆಯುತ್ತಿದ್ದ ಸಣ್ಣ ರೈತನನ್ನು ತೆರಿಗೆಯೇ ಹೊರಗೆ ತಳ್ಳಿದಂತಾಯಿತು. 2015ರ ಜುಲೈನಲ್ಲಿ ಮೂರನ್ನೂ ತೆಗೆದು ಅಂಗಡಿ ಹಂತದಲ್ಲಿ ಒಂದೇ ಶೇ 37 ಮಾಡಿದರು.

ತೂಕದ ಮೇಲಿನ ತೆರಿಗೆಗೆ ತಕ್ಕಡಿ ಸಾಕು, ಬೆಲೆ ಕುಸಿದರೂ ಆದಾಯ ಕುಸಿಯುವುದಿಲ್ಲ. ಅಲಾಸ್ಕ ಬೆಳೆಗಾರನಿಂದ ಬಲಿತ ಹೂವಿಗೆ ಔನ್ಸಿಗೆ 50 ಡಾಲರ್ ಪಡೆಯುವ ಪದ್ಧತಿ ಇಟ್ಟುಕೊಂಡಿತು. ಕ್ಯಾಲಿಫೋರ್ನಿಯಾ 2018ರಲ್ಲಿ ಒಣಹೂವಿಗೆ ಔನ್ಸಿಗೆ 9.25, ಎಲೆಗೆ 2.75 ಡಾಲರ್ ಹಾಕಿತು. ಪೌಂಡಿಗೆ 16 ಔನ್ಸ್, ಅಂದರೆ ಹೂವಿಗೆ 148 ಡಾಲರ್. ಸಗಟು ಬೆಲೆ ಪೌಂಡಿಗೆ 1,500 ಇದ್ದಾಗ ಅದು ಶೇ 10ರಷ್ಟು ಹೊರೆ. ಬೆಲೆ 500ಕ್ಕೆ ಬಿದ್ದರೆ ಅದೇ 148 ಡಾಲರ್ ಶೇ 30 ಆಗುತ್ತದೆ. ಇದರ ಮೇಲೆ ಹಣದುಬ್ಬರ ನೋಡಿ ದರ ಏರಿಸುವ ನಿಯಮ ಬೇರೆ ಇತ್ತು. ಬೆಲೆ ಬೀಳುತ್ತಿದ್ದಾಗ ತೆರಿಗೆ ಏರುತ್ತಿತ್ತು. 2022ರ ಜುಲೈ 1ರಂದು ಆ ಬೇಸಾಯ ತೆರಿಗೆಯನ್ನು ರದ್ದು ಮಾಡಿದರು.

ಕೆನಡಾದ ಕಥೆಯೂ ಇದೇ ಜಾಡಿನದು. 2018ರ ಅಕ್ಟೋಬರ್ 17ರಂದು ಕಾನೂನು ಜಾರಿಯಾದಾಗ ಹೂವಿಗೆ ಗ್ರಾಮಿಗೆ 1 ಕೆನಡಾ ಡಾಲರ್, ಇಲ್ಲವೇ ಉತ್ಪಾದಕನ ಬೆಲೆಯ ಶೇ 10, ಯಾವುದು ಹೆಚ್ಚೋ ಅದು ಎಂದು ಗೊತ್ತುಪಡಿಸಿದರು. ಇದರ ಮುಕ್ಕಾಲು ಪಾಲು ಪ್ರಾಂತ್ಯಗಳಿಗೆ, ಕಾಲು ಪಾಲು ಕೇಂದ್ರಕ್ಕೆ. ಗ್ರಾಮಿಗೆ 10 ಡಾಲರ್ ಬೆಲೆ ಸಿಕ್ಕರೆ ಎರಡೂ ಲೆಕ್ಕ ಒಂದೇ. ಉತ್ಪಾದಕನಿಗೆ ಸಿಗುವುದು 3 ಡಾಲರಾದರೆ ಮೂರನೇ ಒಂದು ಭಾಗ ಸುಂಕಕ್ಕೆ ಹೋಯಿತು. ಸಗಟು ಕೊಳ್ಳುವುದು ಬಹುತೇಕ ಪ್ರಾಂತೀಯ ಮಂಡಳಿಗಳು. ಅವುಗಳ ಮುಂದೆ ಬೆಳೆಗಾರ ಬೆಲೆ ಏರಿಸಲಾರ. ಹಾಗಾಗಿ ಹಲವು ಕಂಪನಿಗಳು ಸುಂಕ ಕಟ್ಟದೆ ಬಾಕಿ ಬೆಳೆಸಿದವು, ಕೆಲವು ಮುಚ್ಚಿದವು. ಸುಂಕದ ಚೀಟಿ ಪ್ರಾಂತ್ಯಕ್ಕೊಂದು ಬಣ್ಣ, ಒಂದು ಪ್ರಾಂತ್ಯಕ್ಕೆ ಚೀಟಿ ಅಂಟಿಸಿದ ಮಾಲು ಇನ್ನೊಂದು ಪ್ರಾಂತ್ಯದಲ್ಲಿ ಮಾರುವಂತಿಲ್ಲ ಎಂಬ ಕಾಟ ಇದರ ಜತೆಗೆ.

ತೂಕದ ತೆರಿಗೆಗೆ ಇನ್ನೊಂದು ದೋಷವಿದೆ, ಆರೋಗ್ಯದ ದೃಷ್ಟಿಯಿಂದ ಅದೇ ದೊಡ್ಡದು. ಶೇ 12 ಟಿಎಚ್‌ಸಿ ಇರುವ ಗ್ರಾಮಿಗೂ ಶೇ 28 ಇರುವ ಗ್ರಾಮಿಗೂ ಒಂದೇ ತೆರಿಗೆ ಎಂದಾಗ ಬೆಳೆಗಾರ ತೀಕ್ಷ್ಣವಾದದ್ದನ್ನೇ ಬೆಳೆಯುತ್ತಾನೆ.

ಹಾಗಾದರೆ ಅಮಲು ಕೊಡುವ ಟಿಎಚ್‌ಸಿಯ ಮೇಲೇ ತೆರಿಗೆ ಹಾಕಿದರೆ? ತರ್ಕ ಸರಿಯಾಗಿದೆ. ನ್ಯೂಯಾರ್ಕ್ ತನ್ನ 2021ರ ಕಾನೂನಿನಲ್ಲಿ ಮಿಲಿಗ್ರಾಂ ಟಿಎಚ್‌ಸಿಗೆ ಹೂವಿನಲ್ಲಿ ಅರ್ಧ ಸೆಂಟ್, ಗಿಡದಿಂದ ತೆಗೆದ ಸಾಂದ್ರ ಸಾರದಲ್ಲಿ 0.8 ಸೆಂಟ್, ಗಾಂಜಾ ಬೆರೆಸಿದ ತಿನಿಸಿನಲ್ಲಿ 3 ಸೆಂಟ್ ಇಟ್ಟಿತ್ತು. ಕನೆಕ್ಟಿಕಟ್ ಹೂವಿಗೆ 0.625, ತಿನಿಸಿಗೆ 2.75, ಉಳಿದವಕ್ಕೆ 0.9 ಸೆಂಟ್ ಇಟ್ಟಿತು. ಲೆಕ್ಕ ಹೀಗೆ. ಗಿಡದಲ್ಲಿ ಟಿಎಚ್‌ಸಿ ಬಹುಪಾಲು ಆಮ್ಲ ರೂಪದಲ್ಲಿ, ಟಿಎಚ್‌ಸಿಎ ಆಗಿ ಇರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ, ತೂಕ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಪ್ರಯೋಗಾಲಯ ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸುತ್ತದೆ. ವರದಿಯಲ್ಲಿ ಟಿಎಚ್‌ಸಿಎ ಶೇ 22, ಟಿಎಚ್‌ಸಿ ಶೇ 0.7 ಎಂದಿದ್ದರೆ ಒಟ್ಟು ಶೇ 20. ಅಂಥ 3.5 ಗ್ರಾಂ ಹೂವಿನಲ್ಲಿ 700 ಮಿಲಿಗ್ರಾಂ. ನ್ಯೂಯಾರ್ಕ್ ದರದಲ್ಲಿ 3.50 ಡಾಲರ್. ಶೇ 80 ಇರುವ ಒಂದು ಗ್ರಾಂ ಸಾರದಲ್ಲಿ 800 ಮಿಲಿಗ್ರಾಂ, 6.40 ಡಾಲರ್.

ಕೈಕೊಡುವುದು ಪರೀಕ್ಷೆ. ಒಂದೇ ಗಿಡದ ತುದಿಯ ಮೊಗ್ಗಿಗೂ ಕೆಳಗಿನ ಮೊಗ್ಗಿಗೂ ಪ್ರಮಾಣ ಬೇರೆ. ಮಾದರಿ ಹೆಚ್ಚು ಒಣಗಿದ್ದರೆ ಪ್ರತಿಶತ ಮೇಲೇರುತ್ತದೆ. ಪ್ರಯೋಗಾಲಯಕ್ಕೆ ಶುಲ್ಕ ಕೊಡುವವನು ಬೆಳೆಗಾರನೇ ಆದ್ದರಿಂದ ತನಗೆ ಬೇಕಾದ ಅಂಕಿ ಕೊಡುವ ಪ್ರಯೋಗಾಲಯವನ್ನೇ ಹುಡುಕಿಕೊಂಡು ಹೋಗುವ ರೂಢಿ ಬೆಳೆದಿದೆ. ಗಿರಾಕಿ ಹೆಚ್ಚು ಪ್ರತಿಶತ ನೋಡಿ ಕೊಳ್ಳುವ ಕಡೆ ಅಂಕಿ ಉಬ್ಬಿಸುತ್ತಾರೆ. ಅಂಕಿಗೆ ತೆರಿಗೆ ಹಾಕಿದರೆ ಕುಗ್ಗಿಸುವ ಆಸೆ ಹುಟ್ಟುತ್ತದೆ. ಸರ್ಕಾರದವರೇ ಅಂಗಡಿಯ ಕಪಾಟಿನಿಂದ ಪೊಟ್ಟಣ ಎತ್ತಿ, ಯಾರ ಮಾಲು ಎಂದು ಹೇಳದೆ ಮರುಪರೀಕ್ಷೆ ಮಾಡಿಸದಿದ್ದರೆ ಈ ತೆರಿಗೆ ನಿಲ್ಲದು. ನ್ಯೂಯಾರ್ಕ್ 2024ರ ಜೂನ್ 1ರಿಂದ ಇದನ್ನು ಕೈಬಿಟ್ಟು ಸಗಟು ಬೆಲೆಯ ಮೇಲೆ ಶೇ 9 ಮಾಡಿತು. ಇಲಿನಾಯ್ ನಡುದಾರಿ ಹಿಡಿದಿದೆ: ಟಿಎಚ್‌ಸಿ ಶೇ 35ರೊಳಗಿದ್ದರೆ ಬೆಲೆಯ ಶೇ 10, ಮೀರಿದರೆ ಶೇ 25, ತಿನಿಸಿಗೆ ಶೇ 20. ಹೂವು ಶೇ 35 ಮುಟ್ಟುವುದು ಅಪರೂಪವಾದ್ದರಿಂದ ಇದು ವಾಸ್ತವದಲ್ಲಿ ಹೂವಿಗೊಂದು ದರ, ಸಾರಕ್ಕೊಂದು ದರ.

ನಮ್ಮ ಅಭಿಪ್ರಾಯ ಕೇಳುವುದಾದರೆ, ಕಾರ್ಖಾನೆಯಲ್ಲಿ ಸಮನಾಗಿ ಬೆರೆಸಿ ತಯಾರಾಗುವ ತಿನಿಸು, ವೇಪ್ (ಕಾಯಿಸಿ ಆವಿ ಎಳೆಯುವ ಸಾಧನದ ಎಣ್ಣೆ), ಸಾರಗಳಿಗೆ ಮಿಲಿಗ್ರಾಂ ಲೆಕ್ಕ. ಹೂವಿಗೆ ಗ್ರಾಂ ಲೆಕ್ಕ. ಕೆನಡಾದ ರಚನೆ ಹೀಗೇ ಇದೆ, ತಿನಿಸು ಮತ್ತು ಸಾರಕ್ಕೆ ಮಿಲಿಗ್ರಾಮಿಗೆ 1 ಸೆಂಟ್. ಅದು ತಪ್ಪಿದ್ದು ವಸೂಲಿ ಮಾಡುವ ಜಾಗದಲ್ಲಿ. ಬೆಲೆ ಕುಸಿದಾಗಲೂ ಗಿರಾಕಿಯ ಬೆಲೆ ತೀರಾ ಇಳಿಯದಿರಲಿ ಎಂಬುದು ಉದ್ದೇಶವಾದರೆ ಆ ತೆರಿಗೆಯನ್ನು ಗಿರಾಕಿ ನಿಂತಿರುವ ಗಲ್ಲಾದಲ್ಲಿ ಪಡೆಯಬೇಕು. ಬೆಲೆ ಏರಿಸುವ ಶಕ್ತಿಯಿಲ್ಲದ ಬೆಳೆಗಾರನಿಂದ ಪಡೆದರೆ ಅವನು ಮುಳುಗುತ್ತಾನೆ, ಗಿರಾಕಿಗೆ ತಟ್ಟುವುದೇ ಇಲ್ಲ. ದರವೂ ಮೊದಲ ವರ್ಷಗಳಲ್ಲಿ ಕಡಿಮೆಯಿದ್ದು, ಸಗಟು ಬೆಲೆ ಇಳಿದಂತೆ ಹಂತಹಂತವಾಗಿ ಏರಬೇಕು. ಮೊದಲೇ ಭಾರಿ ದರ ಹಾಕಿ ಆಮೇಲೆ ಇಳಿಸಿದರೆ ಎರಡೂ ಕಡೆ ನಷ್ಟ.

ಪ್ರಶ್ನೆ: ತೆರಿಗೆ ಹೆಚ್ಚಾದ್ದರಿಂದಲೇ ಕಾಳಸಂತೆ ಹೋಗಿಲ್ಲ ಎನ್ನುತ್ತಾರೆ. ನಿಜವೇ?

ಭಾಗಶಃ. ವಾಷಿಂಗ್ಟನ್‌ನ ಶೇ 37 ಅಮೆರಿಕದಲ್ಲಿ ಅತಿ ಹೆಚ್ಚಿನ ದರಗಳಲ್ಲೊಂದು, ಆದರೂ ಅಲ್ಲಿ ಲೈಸೆನ್ಸ್ ಅಂಗಡಿಗಳು ಗಟ್ಟಿಯಾಗಿ ನಿಂತಿವೆ. ತೆರಿಗೆಗೆ ಮುಂಚಿನ ಬೆಲೆ ಅಷ್ಟು ಇಳಿದಿದೆ. ಕ್ಯಾಲಿಫೋರ್ನಿಯಾದಲ್ಲಿ ದರ ಅದಕ್ಕಿಂತ ಕಡಿಮೆ, ಕಳ್ಳವ್ಯಾಪಾರ ಮಾತ್ರ ದೊಡ್ಡದು. ಕಾರಣ, ಅಲ್ಲಿನ ಅರ್ಧಕ್ಕೂ ಹೆಚ್ಚು ನಗರ, ಕೌಂಟಿಗಳು ಅಂಗಡಿಗೆ ಅನುಮತಿಯನ್ನೇ ಕೊಟ್ಟಿಲ್ಲ. ಹತ್ತಿರದಲ್ಲಿ ಕಾನೂನಿನ ಅಂಗಡಿ ಇಲ್ಲದವನು ಹಳೆಯ ಕಳ್ಳವ್ಯಾಪಾರಿಯ ಹತ್ತಿರವೇ ಹೋಗುತ್ತಾನೆ, ತೆರಿಗೆ ಸೊನ್ನೆ ಮಾಡಿದರೂ ಅಷ್ಟೇ. ದಶಕಗಳಿಂದ ಬೇರೆ ರಾಜ್ಯಗಳಿಗೆ ಮಾಲು ಕಳಿಸುತ್ತಿದ್ದ ಬೆಳೆಗಾರರೂ ಅಲ್ಲಿದ್ದಾರೆ. ಅವರ ಗಿರಾಕಿ ಕ್ಯಾಲಿಫೋರ್ನಿಯಾದವನೇ ಅಲ್ಲ.

ಬೆಲೆ ವ್ಯತ್ಯಾಸ ತಟ್ಟುವುದು ಗಡಿಯಲ್ಲಿ. 2015ರ ಅಕ್ಟೋಬರಿನಲ್ಲಿ ಒರೆಗಾನ್‌ನಲ್ಲಿ ಮಾರಾಟ ಶುರುವಾದಾಗ ಗಡಿಯ ಈಚೆಗಿದ್ದ ವಾಷಿಂಗ್ಟನ್ ಅಂಗಡಿಗಳ ವ್ಯಾಪಾರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದುಹೋಯಿತು.

ಉರುಗ್ವೆ ಬೇರೆಯದೇ ದಾರಿ ಹಿಡಿಯಿತು. 2013ರ ಡಿಸೆಂಬರಿನ ಕಾನೂನಿನ ಗುರಿ ವರಮಾನವಲ್ಲ, ಕಳ್ಳವ್ಯಾಪಾರಿಯ ಗಿರಾಕಿಯನ್ನು ಕಿತ್ತುಕೊಳ್ಳುವುದು. 2017ರ ಜುಲೈನಿಂದ ಔಷಧ ಅಂಗಡಿಯಲ್ಲಿ, ಹೆಸರು ನೋಂದಾಯಿಸಿದವರಿಗೆ ಮಾತ್ರ, ತಿಂಗಳಿಗೆ 40 ಗ್ರಾಂ ಮಿತಿಯಲ್ಲಿ, ಸರ್ಕಾರ ನಿಗದಿಪಡಿಸಿದ ಅಗ್ಗದ ಬೆಲೆಗೆ ಮಾರಾಟ. ಬೆಲೆ ಗೆದ್ದಿತು, ಆದರೆ ಮಳಿಗೆಗಳು ಕಡಿಮೆ, ಟಿಎಚ್‌ಸಿ ಕಡಿಮೆ ಎಂಬ ಕಾರಣಕ್ಕೆ ಎಲ್ಲರೂ ಅತ್ತ ಹೋಗಲಿಲ್ಲ.

ಪ್ರಶ್ನೆ: ಲಾಭದ ವ್ಯಾಪಾರ ಎಂದು ಕೇಳಿದ್ದೆವು. ಅಂಗಡಿಗಳು ಮುಚ್ಚುವುದೇಕೆ?

ರಾಜ್ಯದ ತೆರಿಗೆಗಿಂತ ಹೆಚ್ಚು ಹಿಂಡುವುದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಆದಾಯ ತೆರಿಗೆ ಕಾನೂನಿನ 280ಇ ವಿಧಿ. 1982ರಲ್ಲಿ ಬಂದದ್ದು. ಫೆಡರಲ್ ಪಟ್ಟಿಯ ಮೊದಲೆರಡು ದರ್ಜೆಯ ಮಾದಕವಸ್ತು ಮಾರುವವರಿಗೆ ವ್ಯಾಪಾರದ ಖರ್ಚು ಕಳೆಯಲು ಬಿಡುವುದಿಲ್ಲ. ಮಾಲಿನ ಅಸಲು ಕಳೆಯಬಹುದು. ಬಾಡಿಗೆ, ಸಂಬಳ, ಜಾಹೀರಾತು ಕಳೆಯುವಂತಿಲ್ಲ. 1970ರ ಕಾನೂನು ಗಾಂಜಾವನ್ನು ಮೊದಲ ದರ್ಜೆಯಲ್ಲಿ ಇಟ್ಟದ್ದರಿಂದ ರಾಜ್ಯದ ಲೈಸೆನ್ಸ್ ಇದ್ದ ಅಂಗಡಿಗೂ ಇದು ತಗಲಿಕೊಂಡಿತು.

ವರ್ಷಕ್ಕೆ 10 ಲಕ್ಷ ಡಾಲರ್ ವ್ಯಾಪಾರ, ಮಾಲಿನ ಅಸಲು 6 ಲಕ್ಷ, ಅಂಗಡಿ ಖರ್ಚು ಮೂರೂವರೆ ಲಕ್ಷ ಎನ್ನಿ. ನಿಜ ಲಾಭ 50 ಸಾವಿರ. ಬೇರೆ ಕಂಪನಿಯಾಗಿದ್ದರೆ ಶೇ 21ರಂತೆ 10,500 ಕಟ್ಟಿ ಮುಗಿಸುತ್ತಿತ್ತು. 280ಇ ಪ್ರಕಾರ 4 ಲಕ್ಷದ ಮೇಲೆ ಶೇ 21, ಅಂದರೆ 84 ಸಾವಿರ. ಲಾಭವೆಲ್ಲ ಕೊಟ್ಟ ಮೇಲೂ 34 ಸಾವಿರ ಕೈಯಿಂದ ಹಾಕಬೇಕು. ಗಾಂಜಾವನ್ನು ಮೂರನೇ ದರ್ಜೆಗೆ ಇಳಿಸುವ ಕರಡು ನಿಯಮವನ್ನು ಫೆಡರಲ್ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಹೊರಡಿಸಿದಾಗ ಉದ್ಯಮ ಅಷ್ಟು ಸಂಭ್ರಮಿಸಿದ್ದು ಇದೇ ಕಾರಣಕ್ಕೆ: ಮೂರನೇ ದರ್ಜೆಗೆ 280ಇ ಅನ್ವಯಿಸದು.

ಫೆಡರಲ್ ಕಾನೂನಿಗೆ ಹೆದರಿ ಬಹಳಷ್ಟು ಬ್ಯಾಂಕುಗಳು ಖಾತೆ ಕೊಡದೆ, ನೋಟಿನ ಕಟ್ಟುಗಳನ್ನು ಹೊತ್ತುಕೊಂಡು ಹೋಗಿ ತೆರಿಗೆ ಕಟ್ಟಿದವರೂ ಇದ್ದಾರೆ.

ಪ್ರಶ್ನೆ: ಸರ್ಕಾರಕ್ಕೆ ಎಷ್ಟು ಬರುತ್ತದೆ? ಶಾಲೆಗಳಿಗೆ ಕೊಡುತ್ತಾರಂತೆ?

ಕೊಲೊರಾಡೊದ ಗಾಂಜಾ ತೆರಿಗೆ, ಶುಲ್ಕಗಳು 2021ರಲ್ಲಿ 42 ಕೋಟಿ ಡಾಲರ್ ದಾಟಿದ್ದವು. 2023ರಲ್ಲಿ 28 ಕೋಟಿಯೂ ಇಲ್ಲ. ದರ ಬದಲಾಗಿರಲಿಲ್ಲ. ಬೆಲೆ ಬಿದ್ದಿತು, ನೆರೆಯ ನ್ಯೂಮೆಕ್ಸಿಕೊದಲ್ಲಿ 2022ರಲ್ಲಿ ಅಂಗಡಿ ತೆರೆದವು, ಕೋವಿಡ್ ಕಾಲದ ಏರಿಕೆ ಇಳಿಯಿತು. ಸಗಟು ಸುಂಕದ ಮೊದಲ 4 ಕೋಟಿ ಡಾಲರ್ ಶಾಲಾ ಕಟ್ಟಡಗಳಿಗೆ ಎಂಬ ಅಲ್ಲಿನ ಆರಂಭದ ನಿಯಮ ಚೆನ್ನಾಗಿ ಪ್ರಚಾರವಾಯಿತು. ಅದು ಕಟ್ಟಡಕ್ಕೆ ಮಾತ್ರ, ಶಿಕ್ಷಕರ ಸಂಬಳಕ್ಕಲ್ಲ. ಗಾಂಜಾ ಹಣದಿಂದ ಶಾಲೆಗಳು ತುಂಬಿ ತುಳುಕುತ್ತಿವೆ ಎಂದು ನಂಬಿದ ಮತದಾರರು ಬೇರೆ ಶಾಲಾ ತೆರಿಗೆಗಳಿಗೆ ಒಪ್ಪಿಗೆ ಕೊಡಲು ಹಿಂಜರಿಯುವುದು ಇದರ ಅಡ್ಡಪರಿಣಾಮ.

ಕ್ಯಾಲಿಫೋರ್ನಿಯಾ ಆಡಳಿತ, ಸಂಶೋಧನೆಯ ಖರ್ಚು ತೆಗೆದು ಉಳಿದದ್ದನ್ನು ಹೀಗೆ ಹಂಚುತ್ತದೆ: ಶೇ 60 ಮಕ್ಕಳು ಮತ್ತು ಯುವಜನರ ವ್ಯಸನ ತಡೆ, ಚಿಕಿತ್ಸೆಗೆ, ಶೇ 20 ಪರಿಸರಕ್ಕೆ, ಶೇ 20 ಸಾರ್ವಜನಿಕ ಸುರಕ್ಷತೆಗೆ. ಒಳ್ಳೆಯ ಪಟ್ಟಿ. ಆದರೆ ಶಿಶುಪಾಲನಾ ಕೇಂದ್ರ ಈ ಹಣ ನಂಬಿ ನಡೆಯತೊಡಗಿದರೆ ಮುಂದೆ ತೆರಿಗೆ ಇಳಿಸಲೂ ಆಗದು, ಜನ ಕಡಿಮೆ ಸೇದಲಿ ಎಂದು ಮನಸಾರೆ ಹೇಳಲೂ ಆಗದು. ಬೇಸಾಯ ತೆರಿಗೆ ತೆಗೆದ 2022ರ ಕಾನೂನಿನಲ್ಲೇ, ನಷ್ಟ ತುಂಬಿಕೊಳ್ಳಲು ಮುಂದೆ ಅಬಕಾರಿ ಏರಿಸಬೇಕೆಂಬ ಷರತ್ತಿತ್ತು. ಅದರಂತೆ 2025ರ ಜುಲೈ 1ರಂದು ಶೇ 15 ಇದ್ದದ್ದು 19 ಆಯಿತು, ಅಂಗಡಿಗಳು ಕೂಗಿಕೊಂಡವು, ಅಕ್ಟೋಬರ್ 1ಕ್ಕೆ ಮತ್ತೆ 15. ಮಿಷಿಗನ್ ರಸ್ತೆಗಳ ಖರ್ಚಿಗಾಗಿ 2026ರ ಜನವರಿಯಿಂದ ಶೇ 24 ಸಗಟು ತೆರಿಗೆ ಹೊಸದಾಗಿ ಹಾಕಿದೆ. ವರ್ಷವರ್ಷವೂ ಏರಿಳಿಯುವ ಹಣವನ್ನು ಒಂದು ಸಲದ ಕೆಲಸಗಳಿಗೆ, ವ್ಯಸನ ಚಿಕಿತ್ಸೆಗೆ, ಪ್ರಯೋಗಾಲಯಗಳ ಮೇಲ್ವಿಚಾರಣೆಗೆ ಇಡಬೇಕು. ಕಾಯಂ ಸಂಬಳಕ್ಕೆ ಕಟ್ಟಬಾರದು.

ಪ್ರಶ್ನೆ: ತೆರಿಗೆ ಏರಿಸಿದರೆ ಸೇದುವುದು ಕಡಿಮೆಯಾಗುತ್ತದೆಯೇ? ಆರೋಗ್ಯಕ್ಕೆ ಅಷ್ಟು ಹಾನಿ ಇಲ್ಲವೆಂದೂ ಕೇಳುತ್ತೇವೆ.

ಯಾರು ಸೇದುತ್ತಿದ್ದಾರೆ ಎಂಬುದನ್ನು ನೋಡದೆ ಇದಕ್ಕೆ ಉತ್ತರವಿಲ್ಲ. ಕೊಲೊರಾಡೊ 2014ರಲ್ಲಿ ಮಾಡಿಸಿದ ಮಾರುಕಟ್ಟೆ ಅಧ್ಯಯನದಲ್ಲಿ ಹೆಚ್ಚುಕಡಿಮೆ ದಿನವೂ ಬಳಸುವವರು ಬಳಕೆದಾರರಲ್ಲಿ ಶೇ 22. ಒಟ್ಟು ಮಾಲಿನ ಮೂರನೇ ಎರಡು ಭಾಗ ಅವರಿಗೇ ಬೇಕು. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಲ್ಲಿ 1992ರಲ್ಲಿ ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಬಳಸುತ್ತೇವೆ ಎಂದವರು 10 ಲಕ್ಷಕ್ಕಿಂತ ಕಡಿಮೆ. 2022ರಲ್ಲಿ 1.77 ಕೋಟಿ, ದಿನವೂ ಕುಡಿಯುವವರ 1.47 ಕೋಟಿಗಿಂತ ಹೆಚ್ಚು. ವ್ಯಾಪಾರದ ಲಾಭ, ಸರ್ಕಾರದ ತೆರಿಗೆ, ಆರೋಗ್ಯದ ಹಾನಿ ಮೂರೂ ಈ ಒಂದೇ ಗುಂಪಿನ ಮೇಲೆ ನಿಂತಿವೆ. ಹಬ್ಬಕ್ಕೊಮ್ಮೆ ಸೇದುವವನಿಗೆ ಗ್ರಾಮಿಗೆ 2 ಡಾಲರ್ ಏರಿದರೆ ಗೊತ್ತೂ ಆಗದು. ದಿನಕ್ಕೆ ಒಂದೂವರೆ ಗ್ರಾಂ ಬೇಕಾದವನಿಗೆ ತಿಂಗಳಿಗೆ 90 ಡಾಲರ್ ಹೆಚ್ಚು. ಕೆಲವರು ಕಡಿಮೆ ಮಾಡುತ್ತಾರೆ, ಕೆಲವರು ಅಗ್ಗದ ಸಾರಕ್ಕೆ ಹೊರಳುತ್ತಾರೆ, ಕೆಲವರು ಕಾಳಸಂತೆಗೆ ಮರಳುತ್ತಾರೆ. ಎರಡನೆಯದನ್ನು ತಡೆಯಲು ಸಾರಕ್ಕೆ ಮಿಲಿಗ್ರಾಂ ತೆರಿಗೆ ಬೇಕು ಎನ್ನುವುದು. ಕೈಯಲ್ಲಿ ಕಾಸು ಕಡಿಮೆ ಇರುವ ಹದಿಹರೆಯದವರಿಗೆ ಬೆಲೆ ಬೇಗ ತಟ್ಟುತ್ತದೆ ಎಂಬುದು ತಂಬಾಕಿನಲ್ಲಿ ಚೆನ್ನಾಗಿ ಸಾಬೀತಾದ ಮಾತು.

ಹಾನಿಯ ವಿಚಾರಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿ ಎರಡೂ ಪಕ್ಕಕ್ಕೆ ನ್ಯಾಯ ಸಲ್ಲಿಸಿದೆ. ವಯಸ್ಕರ ದೀರ್ಘಕಾಲದ ನೋವು, ಕೀಮೋಥೆರಪಿಯ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಸೆಳೆತಕ್ಕೆ ಗಾಂಜಾ ಅಥವಾ ಅದರ ಅಂಶಗಳಿಂದ ಪ್ರಯೋಜನವಿದೆ ಎಂಬುದಕ್ಕೆ ಗಟ್ಟಿ ಆಧಾರವಿದೆ ಎಂದಿತು. ಸ್ಕಿಜೋಫ್ರೇನಿಯದಂಥ ಮನೋವಿಕಾರ, ವಾಹನ ಅಪಘಾತ, ಬಹುಕಾಲ ಸೇದಿದವರ ಕೆಮ್ಮು ಕಫ, ಗರ್ಭಿಣಿ ಸೇದಿದರೆ ಮಗುವಿನ ಜನನತೂಕ ಕಡಿಮೆ, ಇವುಗಳೊಂದಿಗಿನ ನಂಟಿಗೂ ಅಷ್ಟೇ ಗಟ್ಟಿ ಆಧಾರವಿದೆ ಎಂದಿತು. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 10 ಅಥವಾ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನವೂ ಬಳಸುವವರಲ್ಲಿ ಮನೋವಿಕಾರದ ಸಂಭವ ಎಂದೂ ಬಳಸದವರಿಗಿಂತ ಐದು ಪಟ್ಟಿನಷ್ಟು ಕಂಡಿತು. ನಂಟು ಎಂದರೆ ಕಾರಣವೆಂದೇ ಅಲ್ಲ, ಆದರೆ ಪ್ರಮಾಣ ಏರಿದಂತೆ ಅಪಾಯವೂ ಏರುವುದನ್ನು ತಳ್ಳಿಹಾಕಲಾಗದು. ಇಂದಿನ ಅಂಗಡಿಗಳಲ್ಲಿ ಶೇ 20ರ ಹೂವು ಸಾಮಾನ್ಯ. 1995ರಲ್ಲಿ ಅಮೆರಿಕದ ಪೊಲೀಸರು ಹಿಡಿದ ಮಾಲಿನ ಸರಾಸರಿ ಶೇ 4.

ದಿನವೂ ಬಳಸುವವರು ಎರಡು ಲಕ್ಷಣ ತಿಳಿದಿರಬೇಕು. ಬಿಟ್ಟ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಶುರುವಾಗಿ ಮೊದಲ ವಾರ ಜೋರಾಗಿರುತ್ತದೆ, ಎರಡು ವಾರದ ಹೊತ್ತಿಗೆ ಇಳಿಯುತ್ತದೆ. ಇದನ್ನು ನೋಡಿ "ನನಗೆ ಗಾಂಜಾ ಬೇಕೇ ಬೇಕು" ಎಂದು ತೀರ್ಮಾನಿಸಬಾರದು. ಇನ್ನೊಂದು, ವರ್ಷಗಟ್ಟಲೆ ಬಳಸಿದವರಲ್ಲಿ ಬಿಟ್ಟುಬಿಟ್ಟು ಬರುವ ತೀವ್ರ ವಾಂತಿ. ಬಿಸಿನೀರಿನ ಸ್ನಾನ ಮಾಡಿದಾಗ ಸಮಾಧಾನವಾದರೆ ಸುಳಿವು ಸಿಕ್ಕಂತೆ. ವಾಂತಿ ನಿಲ್ಲಲೆಂದು ಇನ್ನಷ್ಟು ಸೇದುವವರಿದ್ದಾರೆ, ಅದರಿಂದ ಕಾಯಿಲೆ ಬೆಳೆಯುತ್ತದೆ. ಪೂರ್ತಿ ಬಿಡುವುದೊಂದೇ ಶಾಶ್ವತ ಮದ್ದು.

ಕಾಳಸಂತೆಯ ಅಪಾಯಕ್ಕೆ 2019ರ ಶ್ವಾಸಕೋಶ ರೋಗವೇ ಸಾಕ್ಷಿ. ವೇಪ್ ಕಾರ್ಟ್ರಿಜ್‌ನ ಎಣ್ಣೆ ಹೆಚ್ಚಿಸಲು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದೇ ಇದರ ಮುಖ್ಯ ಕಾರಣ ಎನ್ನಲಾಗಿದೆ; ಅಮೆರಿಕದಲ್ಲಿ 2020ರ ಫೆಬ್ರುವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಸತ್ತವರು 68. ಬಹುಪಾಲು ಕಾರ್ಟ್ರಿಜ್‌ಗಳು ಲೈಸೆನ್ಸ್ ಅಂಗಡಿಯವಲ್ಲ. ತೆರಿಗೆಯನ್ನು ಅತಿ ಮಾಡಬಾರದು ಎನ್ನುವುದಕ್ಕೆ ಆರೋಗ್ಯದ ಕಡೆಯಿಂದ ಸಿಗುವ ಅತ್ಯಂತ ಬಲವಾದ ಕಾರಣ ಇದೇ.

ಪ್ರಶ್ನೆ: ಮಗಳ ಸಂಸಾರ ಡೆನ್ವರಿನಲ್ಲಿದೆ, ಮೊಮ್ಮಗನಿಗೆ ಮೂರು ವರ್ಷ. ಗಾಂಜಾ ಬೆರೆಸಿದ ಗಮ್ಮಿ (ಜಗಿಯುವ ಮಿಠಾಯಿ) ಮಕ್ಕಳ ಕೈಗೆ ಸಿಕ್ಕರೆ ಏನು ಮಾಡಬೇಕು?

ಅಮ್ಮ, ನಿಮ್ಮ ಆತಂಕಕ್ಕೆ ಕಾರಣವಿದೆ. ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ಕರೆ 2017ರಲ್ಲಿ 207, 2021ರಲ್ಲಿ 3,054. ಡೆನ್ವರ್ ಇರುವ ಕೊಲೊರಾಡೊದಲ್ಲಿ ಒಂದು ಗಮ್ಮಿಗೆ 10 ಮಿಲಿಗ್ರಾಂ ಟಿಎಚ್‌ಸಿ, ಪೊಟ್ಟಣಕ್ಕೆ 100. ದೊಡ್ಡವರೊಬ್ಬರಿಗೆ ಒಂದು ಸಾಕು. ಮಗು ಮಿಠಾಯಿಯೆಂದು ಪೊಟ್ಟಣವನ್ನೇ ಖಾಲಿ ಮಾಡುತ್ತದೆ. ಕೆನಡಾದಲ್ಲಿ ಇಡೀ ಪೊಟ್ಟಣದ ಮಿತಿಯೇ 10 ಮಿಲಿಗ್ರಾಂ.

ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಪರಿಣಾಮ ಕಾಣಿಸುತ್ತದೆ. ತಿಂದ ತಕ್ಷಣ ಚೆನ್ನಾಗಿದೆ ಎಂದು ಸುಮ್ಮನಾಗಬಾರದು. ಮಂಪರು, ತೂರಾಡುವ ನಡಿಗೆ, ಜೋರು ಎದೆಬಡಿತ ಮೊದಲ ಲಕ್ಷಣಗಳು. ವಾಂತಿ ಮಾಡಿಸಬೇಡಿ. ಪೊಟ್ಟಣ ಕೈಯಲ್ಲಿ ಹಿಡಿದು ಎಷ್ಟು ಉಳಿದಿದೆ ಎಣಿಸಿ, ಮಿಲಿಗ್ರಾಂ ಓದಿ, ವಿಷ ಮಾಹಿತಿ ಕೇಂದ್ರದ 1-800-222-1222ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಫಿಟ್ಸ್ ಬಂದರೆ ನೇರವಾಗಿ ತುರ್ತು ಸಂಖ್ಯೆ 911. ಆಸ್ಪತ್ರೆಯಲ್ಲಿ ನಿಜ ಹೇಳಲು ಯಾರೂ ನಾಚಬಾರದು. ಹೇಳದಿದ್ದರೆ ಮೆದುಳು ಜ್ವರವೋ ಎಂದು ಮಗುವಿನ ಬೆನ್ನುಹುರಿಯಿಂದ ನೀರು ತೆಗೆಯುವವರೆಗೂ ಪರೀಕ್ಷೆಗಳು ಹೋಗುತ್ತವೆ. ಮನೆಗೆ ಬಂದ ನೆಂಟರ ಚೀಲ, ಕೋಟಿನ ಜೇಬುಗಳ ಮೇಲೂ ಕಣ್ಣಿಡಲು ಮಗಳಿಗೆ ಹೇಳಿ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ಸಿಗುವ "ಹೆಂಪ್" ಗಮ್ಮಿಗೆ ಗಾಂಜಾ ತೆರಿಗೆ ಇಲ್ಲವೇ?

ಬಹುಕಾಲ ಇರಲಿಲ್ಲ. 2018ರ ಫೆಡರಲ್ ಕೃಷಿ ಕಾನೂನು, ಒಣತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ (ಟಿಎಚ್‌ಸಿಯ ಮುಖ್ಯ ರೂಪ) ಶೇ 0.3 ಮೀರದ ಗಿಡವನ್ನು ಹೆಂಪ್ ಎಂದು ಕರೆದು ಮಾದಕವಸ್ತು ಪಟ್ಟಿಯಿಂದ ತೆಗೆಯಿತು. ನಾರಿಗಾಗಿ ಬೆಳೆಯುವ ಗಿಡಕ್ಕೆ ಅದು ಸರಿಯಾದ ಅಳತೆ. ಗಮ್ಮಿಗೆ ಅಳವಡಿಸಿದರೆ ಅನರ್ಥ: 5 ಗ್ರಾಂ ತೂಕದ ಗಮ್ಮಿಯ ಶೇ 0.3 ಎಂದರೆ 15 ಮಿಲಿಗ್ರಾಂ, ಕೊಲೊರಾಡೊದ ಒಂದು ಪ್ರಮಾಣಕ್ಕಿಂತ ಹೆಚ್ಚು! ಅಬಕಾರಿ ಇಲ್ಲ, ಹಲವು ರಾಜ್ಯಗಳಲ್ಲಿ ವಯಸ್ಸಿನ ಮಿತಿಯೂ ಇರಲಿಲ್ಲ. ಶೇ 37 ತೆರಿಗೆ ಕಟ್ಟುವ ಅಂಗಡಿ ಎದುರಿಗೇ ಇದನ್ನು ಮಾರುವಾಗ ತೆರಿಗೆ ನೀತಿಗೆ ಏನರ್ಥ? 2025ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತು ವ್ಯಾಖ್ಯೆ ಬದಲಿಸಿ, ಪೊಟ್ಟಣಕ್ಕೆ ಒಟ್ಟು ಟಿಎಚ್‌ಸಿ 0.4 ಮಿಲಿಗ್ರಾಂ ಮಿತಿ ಹಾಕಿತು. ಜಾರಿಗೆ ಒಂದು ವರ್ಷದ ಅವಧಿ ಕೊಟ್ಟಿತು.

ಪ್ರಶ್ನೆ: ವೈದ್ಯರ ಸಲಹೆಯ ಮೇಲೆ ಕೊಳ್ಳುವವರಿಗೂ ಇದೇ ತೆರಿಗೆಯೇ?

ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಲೊರಾಡೊದಲ್ಲಿ ರೋಗಿ ಕಾರ್ಡಿದ್ದರೆ ರಾಜ್ಯದ ಶೇ 2.9 ಮಾರಾಟ ತೆರಿಗೆ ಮತ್ತು ಸ್ಥಳೀಯ ತೆರಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಗುರುತಿನ ಕಾರ್ಡ್ ತೋರಿಸಿದರೆ ಮಾರಾಟ ತೆರಿಗೆ ಮಾಫಿ, ಅಬಕಾರಿ ಕಟ್ಟಲೇಬೇಕು. ವ್ಯತ್ಯಾಸ ದೊಡ್ಡದಿದ್ದಷ್ಟೂ ಕಾಯಿಲೆ ಇಲ್ಲದವರು ಕಾರ್ಡು ಮಾಡಿಸುತ್ತಾರೆ. 18ರಿಂದ 20ರ ವಯಸ್ಸಿನವರಿಗೆ ಅದೇ ಒಳದಾರಿಯಾಗಿತ್ತು. ಕೊಲೊರಾಡೊ 2021ರ ಕಾನೂನಿನಲ್ಲಿ ಆ ವಯಸ್ಸಿನವರಿಗೆ ಸಾಂದ್ರ ಸಾರವನ್ನು ದಿನಕ್ಕೆ 2 ಗ್ರಾಮಿಗೆ ಮಿತಿಗೊಳಿಸಿತು.

ಪ್ರಶ್ನೆ: ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ರಾಜ್ಯಕ್ಕೆ ತೆರಿಗೆ ಕಟ್ಟಿ, ಬಿಲ್ಲು ಪಡೆದು ಕೊಂಡರೆ ತೊಂದರೆ ಇಲ್ಲವಲ್ಲ?

ಇದೆ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವೂ ಫೆಡರಲ್ ವಿಷಯ. ಅಲ್ಲಿ ರಾಜ್ಯದ ಬಿಲ್ಲಿಗೆ ಬೆಲೆಯಿಲ್ಲ. ಬಳಸಿದ್ದೇನೆ ಎಂದು ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ಅದೊಂದೇ ಪ್ರವೇಶ ನಿರಾಕರಣೆಗೆ ಕಾರಣವಾಗಬಹುದು. ರಾಜ್ಯ ಕಾನೂನು ಒಪ್ಪಿದ್ದರೂ ಗಾಂಜಾ ಬಳಕೆ, ಗಾಂಜಾ ಉದ್ಯಮದ ಕೆಲಸ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಅಂಗಡಿಯಲ್ಲಿ ಅರೆಕಾಲಿಕ ಕೆಲಸವೂ ಬೇಡ, ಫೋನಿನಲ್ಲಿ ಫೋಟೊವೂ ಬೇಡ. ಈಗಾಗಲೇ ಬಳಸಿದ್ದರೆ, ಯಾವುದೇ ಅರ್ಜಿ ತುಂಬುವ ಮೊದಲು ವಲಸೆ ವಕೀಲರನ್ನು ಕಾಣಿ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಬೇರೆಯದೇ ಅಪರಾಧ.